ಒಂದೇ ರೇಸ್ ಗೆದ್ದು ವಿಶ್ವ ಚಾಂಪಿಯನ್: 1982ರಲ್ಲಿ ನಡೆದಿದ್ದೇನು?

ನೀವು ಕೇಳಿರೋದು ಇದು: 1982ರ ಫಾರ್ಮುಲಾ ಒನ್ ಸೀಸನ್‌ನಲ್ಲಿ ಕೆಕೆ ರೋಸ್‌ಬರ್ಗ್ ಗೆದ್ದಿದ್ದು ಒಂದೇ ಒಂದು ರೇಸ್, ಆದರೂ ಚಾಂಪಿಯನ್ ಆದರು, ಇದು ಬರೀ ಅದೃಷ್ಟ ಅಲ್ವಾ?

ಅದೃಷ್ಟ ಇತ್ತು, ಇಲ್ಲ ಅನ್ನಲ್ಲ. ಆದರೆ ಅದೃಷ್ಟದ ಲೆಕ್ಕ ಹಾಕೋಕೆ ಕೂತರೆ ಅವರ ದುರದೃಷ್ಟದ್ದನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕಾಗುತ್ತೆ. ಹಳೆಯ ಸೀಸನ್‌ಗಳನ್ನು ಕೆದಕೋದು ನನಗೆ ಒಂಥರಾ ಚಟ. ಅದರಲ್ಲೂ 1982ಕ್ಕೆ ಮತ್ತೆ ಮತ್ತೆ ಹೋಗ್ತಿರ್ತೀನಿ. ಅಷ್ಟು ಗೋಜಲಾದ, ಅಷ್ಟು ನೋವಿನ ವರ್ಷ ಈ ಆಟದಲ್ಲಿ ಕಡಿಮೆ.

ಮೊದಲು ಲೆಕ್ಕ ನೋಡೋಣ. ಆ ವರ್ಷ ನಡೆದಿದ್ದು 16 ರೇಸ್. ಅವನ್ನು ಗೆದ್ದವರು 11 ಜನ! ಒಂದೇ ಸೀಸನ್‌ನಲ್ಲಿ ಇಷ್ಟು ಬೇರೆ ಬೇರೆ ವಿಜೇತರು ಮತ್ತೆ ಯಾವತ್ತೂ ಬಂದಿಲ್ಲ. ಪ್ರಾಸ್ಟ್, ಲೌಡಾ, ಪಿರೋನಿ, ವಾಟ್ಸನ್, ಆರ್ನು, ಈ ಐದು ಜನ ತಲಾ ಎರಡು ಗೆದ್ದರು. ಉಳಿದ ಆರು ಜನ ತಲಾ ಒಂದು. ಎರಡಕ್ಕಿಂತ ಜಾಸ್ತಿ ಗೆದ್ದವರು ಒಬ್ಬರೂ ಇಲ್ಲ. ಅಂದರೆ ರೋಸ್‌ಬರ್ಗ್ ಹಿಂದೆ ಬಿದ್ದಿದ್ದು ಐದಾರು ಗೆಲುವಿನಿಂದಲ್ಲ, ಒಂದೇ ಒಂದರಿಂದ.

ಆಗ ಅಂಕ ಸಿಗ್ತಿದ್ದಿದ್ದು ಮೊದಲ ಆರು ಜನಕ್ಕೆ ಮಾತ್ರ: 9, 6, 4, 3, 2, 1. ರೋಸ್‌ಬರ್ಗ್ ಹತ್ತು ರೇಸ್‌ಗಳಲ್ಲಿ ಅಂಕ ತಗೊಂಡರು. ಒಂದು ಗೆಲುವು, ಮೂರು ಎರಡನೇ ಸ್ಥಾನ, ಎರಡು ಮೂರನೇ ಸ್ಥಾನ, ಒಂದು ನಾಲ್ಕನೇದು, ಮೂರು ಐದನೇದು. ಒಟ್ಟು 44. ಪಿರೋನಿ ಮತ್ತು ವಾಟ್ಸನ್ ಇಬ್ಬರೂ 39ಕ್ಕೆ ನಿಂತರು, ಪ್ರಾಸ್ಟ್ 34ಕ್ಕೆ. ಅದೇ ಫಲಿತಾಂಶಗಳನ್ನು ಇವತ್ತಿನ 25-18-15ರ ಅಂಕಪದ್ಧತಿಗೆ ಹಾಕಿ ನೋಡಿ. ರೋಸ್‌ಬರ್ಗೇ ಮುಂದೆ, ಅದೂ ಇಪ್ಪತ್ತಕ್ಕಿಂತ ಹೆಚ್ಚಿನ ಅಂತರದಲ್ಲಿ.

ಇನ್ನು ಅವರ ಕೈಯಲ್ಲಿದ್ದ ಕಾರು. ಆಗ ಟರ್ಬೊ (ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ನುಗ್ಗಿಸಿ ಹೆಚ್ಚು ಶಕ್ತಿ ತೆಗೆಯೋ ವ್ಯವಸ್ಥೆ) ಕಾಲ ಶುರುವಾಗಿತ್ತು. ರೆನೊ, ಫೆರಾರಿ ಹತ್ತಿರ 1.5 ಲೀಟರ್ ಟರ್ಬೊ ಎಂಜಿನ್. ವಿಲಿಯಮ್ಸ್ ತಂಡದ್ದು 3 ಲೀಟರ್‌ನ ಕಾಸ್ವರ್ತ್ ಡಿಎಫ್‌ವಿ. 1967ರಲ್ಲಿ ಬಂದ ಎಂಜಿನ್ ಅದು, ಹದಿನೈದು ವರ್ಷ ಹಳೇದು. ನೇರ ದಾರಿಯಲ್ಲಿ ಟರ್ಬೊ ಕಾರುಗಳನ್ನು ಹಿಡಿಯೋ ಮಾತೇ ಇರಲಿಲ್ಲ. 16 ಪೋಲ್‌ಗಳಲ್ಲಿ (ರೇಸ್‌ಗೆ ಮುಂಚಿನ ಕ್ವಾಲಿಫೈಯಿಂಗ್ ಓಟದಲ್ಲಿ ಎಲ್ಲರಿಗಿಂತ ವೇಗವಾದವರಿಗೆ ಸಿಗೋ ಮುಂಚೂಣಿ ಜಾಗ) 10 ರೆನೊ ಪಾಲಾದವು, ಪ್ರಾಸ್ಟ್‌ಗೆ ಐದು, ಆರ್ನುಗೆ ಐದು. ಆದರೆ ಶನಿವಾರ ಹಾರಿದ ರೆನೊ ಭಾನುವಾರ ಹೊಗೆ ಬಿಟ್ಟುಕೊಂಡು ಪಕ್ಕಕ್ಕೆ ನಿಂತಿರ್ತಿತ್ತು. ಹಳೇ ಕಾಸ್ವರ್ತ್ ಸುಮ್ನೆ ಓಡ್ತಾ ಇರ್ತಿತ್ತು. ರೋಸ್‌ಬರ್ಗ್ ಚಾಂಪಿಯನ್ ಆಗಿದ್ದರ ಅರ್ಧ ಗುಟ್ಟು ಇಲ್ಲೇ ಇದೆ ಅಂತ ನನಗನ್ನಿಸುತ್ತೆ.

ಹಾಗಂತ ಅವರೇನು ಆ ವರ್ಷದ ನೆಚ್ಚಿನ ಸ್ಪರ್ಧಿ ಆಗಿರಲಿಲ್ಲ. 1981ರಲ್ಲಿ ಫಿಟ್ಟಿಪಾಲ್ಡಿ ತಂಡದಲ್ಲಿ ಇಡೀ ವರ್ಷ ಓಡಿಸಿ ಒಂದು ಅಂಕವನ್ನೂ ಗಳಿಸಿರಲಿಲ್ಲ. ಅಲನ್ ಜೋನ್ಸ್ ನಿವೃತ್ತಿ ಹೇಳಿದ್ದರಿಂದ ವಿಲಿಯಮ್ಸ್‌ನಲ್ಲಿ ಒಂದು ಸೀಟು ಖಾಲಿಯಾಯ್ತು, ಇವರು ಬಂದು ಕೂತರು. ಕಾರ್ಲೋಸ್ ರಾಯ್ಟೆಮನ್ ತಂಡದ ದೊಡ್ಡ ಹೆಸರು. ಅವರು ಎರಡೇ ರೇಸ್ ಓಡಿಸಿ ಆಟಕ್ಕೇ ವಿದಾಯ ಹೇಳಿಬಿಟ್ಟರು. ನಿನ್ನೆ ಮೊನ್ನೆ ಬಂದವರೇ ತಂಡದ ಮುಖ್ಯ ಚಾಲಕ ಆಗಿಹೋದರು.

ಸೀಸನ್ ಶುರುವಾಗಿದ್ದೇ ಮುಷ್ಕರದಿಂದ. ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ, ಹೊಸ ಸೂಪರ್ ಲೈಸೆನ್ಸ್‌ನ (ಫಾರ್ಮುಲಾ ಒನ್ ಓಡಿಸೋಕೆ ಬೇಕಾದ ಪರವಾನಗಿ) ಷರತ್ತುಗಳಿಗೆ ಸಹಿ ಹಾಕಲ್ಲ ಅಂತ ಚಾಲಕರು ಪಟ್ಟು ಹಿಡಿದರು. ಮುಂದೆ ನಿಂತವರು ನಿಕಿ ಲೌಡಾ ಮತ್ತು ಡಿಡಿಯೆ ಪಿರೋನಿ. ಬಹುತೇಕ ಎಲ್ಲರೂ ಒಂದು ಬಸ್ ಹತ್ತಿ ಜೊಹಾನ್ಸ್‌ಬರ್ಗ್‌ನ ಹೋಟೆಲ್‌ಗೆ ಹೋದರು. ರಾತ್ರಿ ಒಂದೇ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದರು. ಅಲ್ಲೊಂದು ಪಿಯಾನೊ ಇತ್ತು. ಎಲಿಯೊ ಡಿ ಆಂಜೆಲಿಸ್ ಅದನ್ನು ನುಡಿಸಿದರು, ಜಿಲ್ ವಿಲ್‌ನವ್ ಕೂಡ ನುಡಿಸಿದರು. ಮಾರನೇ ದಿನ ರಾಜಿಯಾಗಿ ರೇಸ್ ನಡೆಯಿತು. ಪ್ರಾಸ್ಟ್ ನಡುವೆ ಪಂಕ್ಚರ್ ಆಗಿ ಒಂದು ಲ್ಯಾಪ್ ಹಿಂದೆ ಬಿದ್ದವರು, ಎಲ್ಲರನ್ನೂ ಹಿಂದಿಕ್ಕಿ ಗೆದ್ದರು. ರೋಸ್‌ಬರ್ಗ್ ಐದನೇಯವರು.

ಈಗ ದುರದೃಷ್ಟದ ಲೆಕ್ಕ. ಎರಡನೇ ರೇಸ್ ಬ್ರೆಜಿಲ್‌ನಲ್ಲಿ. ಟರ್ಬೊ ಇಲ್ಲದ ತಂಡಗಳು ಅಲ್ಲೊಂದು ಉಪಾಯ ಮಾಡಿದ್ದವು. ಕಾರಿನ ಕನಿಷ್ಠ ತೂಕ 580 ಕೆಜಿ ಇರಬೇಕು. ಇವರು ಬ್ರೇಕ್ ತಣ್ಣಗೆ ಮಾಡೋಕೆ ಅಂತ ಹೇಳಿ ಒಂದು ನೀರಿನ ಟ್ಯಾಂಕ್ ಇಟ್ಟರು. ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ನೀರೆಲ್ಲ ಹೊರಗೆ, ಕಾರು ಹಗುರ. ಮುಗಿದ ಮೇಲೆ ತೂಕ ಹಾಕೋಕೆ ಮುಂಚೆ ದ್ರವಗಳನ್ನು ತುಂಬಿಸಿಕೊಳ್ಳಬಹುದು ಅಂತ ನಿಯಮ ಇತ್ತಲ್ಲ, ಮತ್ತೆ ನೀರು ತುಂಬಿಸಿ ತಕ್ಕಡಿ ಹತ್ತಿಸಿದರಾಯ್ತು! ಬುದ್ಧಿವಂತಿಕೆ ಅಂತೀರೋ ಕಳ್ಳಾಟ ಅಂತೀರೋ ನಿಮಗೆ ಬಿಟ್ಟಿದ್ದು. ನೆಲ್ಸನ್ ಪಿಕೆ ಮೊದಲು, ರೋಸ್‌ಬರ್ಗ್ ಎರಡನೇಯವರಾಗಿ ಬಂದರು. ದೂರು ಹೋಯ್ತು, ಇಬ್ಬರನ್ನೂ ಅನರ್ಹ ಮಾಡಿದರು. ಇದೇ ಉಪಾಯ ಮಾಡಿದ್ದ ಬೇರೆಯವರು ಮಾತ್ರ ಎರಡೆರಡು ಸ್ಥಾನ ಮೇಲಕ್ಕೆ ಬಂದರು. ರೋಸ್‌ಬರ್ಗ್‌ಗೆ ಆರು ಅಂಕ ನಷ್ಟ.

ಆ ತೀರ್ಪಿನ ಸಿಟ್ಟಿಗೆ ವಿಲಿಯಮ್ಸ್, ಬ್ರಾಬಮ್, ಮೆಕ್ಲಾರೆನ್, ಲೋಟಸ್ ಮುಂತಾದ ಬ್ರಿಟಿಷ್ ತಂಡಗಳು ಏಪ್ರಿಲ್‌ನಲ್ಲಿ ಇಟಲಿಯ ಇಮೋಲಾ ರೇಸ್ ಬಹಿಷ್ಕರಿಸಿದವು. ಅಲ್ಲಿ ಓಡಿದ್ದು 14 ಕಾರು ಅಷ್ಟೇ. ರೋಸ್‌ಬರ್ಗ್ ಪಾಲಿಗೆ ಇನ್ನೊಂದು ರೇಸ್ ಹೋಯ್ತು, ಅದೂ ಅವರದ್ದಲ್ಲದ ಜಗಳಕ್ಕೆ. ಮುಂದೆ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಪೋಲ್ ಪಡೆದರು, ಆದರೆ ಹೊರಡೋ ಹೊತ್ತಿಗೆ ಎಂಜಿನ್ ಸ್ಟಾರ್ಟ್ ಆಗಲೇ ಇಲ್ಲ. ಎಲ್ಲರಿಗಿಂತ ಹಿಂದಿನಿಂದ ಹೊರಟು, ಕೊನೆಗೆ ಅರ್ಧಕ್ಕೇ ನಿಂತರು. ಮೊನ್ಜಾದಲ್ಲಿ ಹಿಂದಿನ ರೆಕ್ಕೆಯೇ ಕಳಚಿ ಹೋಯ್ತು. ಇಷ್ಟೆಲ್ಲ ಕಳಕೊಂಡವರನ್ನು ಅದೃಷ್ಟವಂತ ಅನ್ನೋದು ಸ್ವಲ್ಪ ಕಷ್ಟ.

ಆದರೂ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಅದು ಇರೋದು ಫೆರಾರಿಯ ಕಥೆಯಲ್ಲಿ. ಇದನ್ನು ಬರೆಯೋಕೆ ಖುಷಿಯೇನೂ ಇಲ್ಲ.

ಆ ವರ್ಷದ ಒಳ್ಳೆಯ ಕಾರು ಫೆರಾರಿಯದ್ದು ಅನ್ನೋದು ನನ್ನ ಅಭಿಪ್ರಾಯ. ಟರ್ಬೊ ಶಕ್ತಿಯೂ ಇತ್ತು, ರೆನೊಗಿಂತ ಗಟ್ಟಿಯಾಗೂ ಇತ್ತು. ಇಮೋಲಾದಲ್ಲಿ ರೆನೊಗಳು ಕೆಟ್ಟು ನಿಂತ ಮೇಲೆ ವಿಲ್‌ನವ್ ಮತ್ತು ಪಿರೋನಿ ಓಡಿಸ್ತಿದ್ದ ಎರಡೂ ಫೆರಾರಿಗಳು ಮುಂದಿದ್ದವು. ನಿಧಾನ ಮಾಡಿ ಅಂತ ತಂಡ ಬೋರ್ಡ್ ತೋರಿಸಿತು. ಇದ್ದ ಕ್ರಮದಲ್ಲೇ ಮುಗಿಸಬೇಕು ಅಂತ ವಿಲ್‌ನವ್ ಅದನ್ನು ಅರ್ಥ ಮಾಡಿಕೊಂಡರು. ಪಿರೋನಿ ಹಾಗೆ ತಿಳಿಯಲಿಲ್ಲ. ಕೊನೇ ಲ್ಯಾಪ್‌ನಲ್ಲಿ ಮುಂದೆ ನುಗ್ಗಿ ಗೆದ್ದುಬಿಟ್ಟರು. ವೇದಿಕೆ ಮೇಲೆ ವಿಲ್‌ನವ್ ಮುಖ ನೋಡಿದರೆ ಸಾಕು, ವಿವರಣೆ ಬೇಡ. ಇನ್ನು ಪಿರೋನಿ ಜೊತೆ ಮಾತಾಡಲ್ಲ ಅಂತ ಹೇಳಿದರು. ಹದಿಮೂರು ದಿನದ ನಂತರ, ಮೇ 8ರಂದು, ಬೆಲ್ಜಿಯಂನ ಜೋಲ್ಡರ್‌ನಲ್ಲಿ ಕ್ವಾಲಿಫೈಯಿಂಗ್ ಮುಗಿಯೋ ಹೊತ್ತಿಗೆ ಪಿರೋನಿ ಸಮಯ ಇವರಿಗಿಂತ ಚೂರು ಮುಂದಿತ್ತು. ವಿಲ್‌ನವ್ ವೇಗವಾಗಿ ಬರ್ತಿದ್ದಾಗ ಮುಂದೆ ಯೊಹೆನ್ ಮಾಸ್ ನಿಧಾನವಾಗಿ ಹೋಗ್ತಿದ್ದರು. ದಾರಿ ಬಿಡೋಕೆ ಮಾಸ್ ಬಲಕ್ಕೆ ಸರಿದರು, ವಿಲ್‌ನವ್ ಕೂಡ ಬಲಕ್ಕೇ ಬಂದರು. ಆ ಅಪಘಾತದಲ್ಲಿ ವಿಲ್‌ನವ್ ತೀರಿಕೊಂಡರು.

ಜೂನ್‌ನಲ್ಲಿ ಮಾಂಟ್ರಿಯಲ್. ಗ್ರಿಡ್‌ನಲ್ಲಿ ಪಿರೋನಿ ಕಾರು ಸ್ಟಾರ್ಟ್ ಆಗದೆ ನಿಂತಿತು, ಹಿಂದಿನಿಂದ ಬಂದ ಹೊಸ ಹುಡುಗ ರಿಕಾರ್ಡೊ ಪಲೆಟ್ಟಿ ಅದಕ್ಕೆ ಗುದ್ದಿ ಪ್ರಾಣ ಬಿಟ್ಟರು. ಆಗಸ್ಟ್ 7ರಂದು ಹಾಕನ್‌ಹೈಮ್‌ನಲ್ಲಿ ಪಿರೋನಿ ಸರದಿ. ಮಳೆ ಸುರೀತಿತ್ತು, ಮುಂದಿನ ಕಾರು ಎಬ್ಬಿಸಿದ ನೀರಿನ ಮಂಜಿನಲ್ಲಿ ಪ್ರಾಸ್ಟ್ ಕಾಣಿಸಲೇ ಇಲ್ಲ. ಹಿಂದಿನಿಂದ ಗುದ್ದಿ ಪಿರೋನಿ ಕಾರು ಗಾಳಿಗೆ ಹಾರಿತು. ಎರಡೂ ಕಾಲು ನುಜ್ಜುಗುಜ್ಜು. ಅವರು ಮತ್ತೆ ಫಾರ್ಮುಲಾ ಒನ್ ರೇಸ್ ಓಡಿಸಲಿಲ್ಲ.

ಅವತ್ತು ಪಿರೋನಿ ಹತ್ತಿರ 39 ಅಂಕ, ವಾಟ್ಸನ್ ಹತ್ತಿರ 30, ರೋಸ್‌ಬರ್ಗ್ ಹತ್ತಿರ ಬರೀ 23. ಉಳಿದಿದ್ದು ಐದು ರೇಸ್. ಪಿರೋನಿ ಸುಮ್ನೆ ಒಂದೆರಡು ಸಲ ಮೂರನೇ, ನಾಲ್ಕನೇ ಸ್ಥಾನಕ್ಕೆ ಬಂದಿದ್ದರೂ ಕಥೆ ಬೇರೆ ಇರ್ತಿತ್ತು. ಹಾಗಾಗಿ ಅವರು ಗಾಯಗೊಳ್ಳದಿದ್ದರೆ ರೋಸ್‌ಬರ್ಗ್ ಚಾಂಪಿಯನ್ ಆಗ್ತಿರಲಿಲ್ಲ ಅಂತ ಯಾರಾದರೂ ಅಂದರೆ ನಾನು ವಾದ ಮಾಡಲ್ಲ.

ವಾದ ಮಾಡೋದು ಅದರ ಮುಂದಿನದಕ್ಕೆ. ಆ 39ನ್ನು ದಾಟೋ ಅವಕಾಶ ರೋಸ್‌ಬರ್ಗ್ ಒಬ್ಬರಿಗೇ ಸಿಗಲಿಲ್ಲ. ವಾಟ್ಸನ್, ಪ್ರಾಸ್ಟ್, ಲೌಡಾ ಎಲ್ಲರೂ ಅವತ್ತು ಅವರಿಗಿಂತ ಮುಂದಿದ್ದರು. ಮುಂದಿನ ಮೂರು ರೇಸ್‌ಗಳಲ್ಲಿ ರೋಸ್‌ಬರ್ಗ್ ಮೂರನೇ, ಎರಡನೇ, ಮೊದಲನೇ ಸ್ಥಾನಕ್ಕೆ ಬಂದರು. ಹದಿನೈದು ವರ್ಷ ಹಳೇ ಎಂಜಿನ್‌ನಲ್ಲಿ, ಟರ್ಬೊಗಳಿಗೆ ಹೇಳಿ ಮಾಡಿಸಿದ ವೇಗದ ಟ್ರ್ಯಾಕ್‌ಗಳಲ್ಲಿ!

ಅದರಲ್ಲಿ ಆಸ್ಟ್ರಿಯಾದ್ದು ನನಗೆ ಅಚ್ಚುಮೆಚ್ಚು. ಮುಂದಿದ್ದ ಪ್ರಾಸ್ಟ್ ಕಾರು ಇನ್ನು ಐದು ಲ್ಯಾಪ್ ಇರುವಾಗ ಕೈಕೊಟ್ಟಿತು. ಲೋಟಸ್‌ನ ಡಿ ಆಂಜೆಲಿಸ್ ಮುಂದೆ, ಬೆನ್ನಿಗೇ ರೋಸ್‌ಬರ್ಗ್. ಇಬ್ಬರೂ ಅಲ್ಲಿವರೆಗೆ ಒಂದು ರೇಸನ್ನೂ ಗೆದ್ದವರಲ್ಲ. ಕೊನೇ ತಿರುವಿನಿಂದ ಹೊರಬರುವಾಗ ರೋಸ್‌ಬರ್ಗ್ ಪಕ್ಕಕ್ಕೆ ಎಳೆದು ನುಗ್ಗಿದರು. ಡಿ ಆಂಜೆಲಿಸ್ ಗೆದ್ದಿದ್ದು 0.05 ಸೆಕೆಂಡ್‌ನಲ್ಲಿ. ಲೋಟಸ್ ಯಜಮಾನ ಕಾಲಿನ್ ಚಾಪ್ಮನ್ ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ಎಸೆದರು. ಅದು ಅವರು ಕಂಡ ಕೊನೆಯ ಗೆಲುವು, ಡಿಸೆಂಬರ್‌ನಲ್ಲಿ ಅವರೂ ಹೋದರು.

ಎರಡು ವಾರ ಕಳೆದು ಸ್ವಿಸ್ ಗ್ರ್ಯಾನ್ ಪ್ರೀ. ನಡೆದಿದ್ದು ಮಾತ್ರ ಫ್ರಾನ್ಸ್‌ನ ಡಿಜಾನ್‌ನಲ್ಲಿ, ಯಾಕಂದರೆ 1955ರ ಲೆ ಮಾನ್ ದುರಂತದ ನಂತರ ಸ್ವಿಟ್ಜರ್‌ಲೆಂಡ್ ತನ್ನ ನೆಲದಲ್ಲಿ ಇಂಥ ರೇಸ್‌ಗಳನ್ನು ನಿಷೇಧಿಸಿತ್ತು. ಇಲ್ಲೂ ಪ್ರಾಸ್ಟ್ ಮುಂದೆ. ರೋಸ್‌ಬರ್ಗ್ ಲ್ಯಾಪ್‌ಗೆ ಇಷ್ಟಿಷ್ಟೇ ಅಂತರ ತಿಂತಾ ಬಂದು, ರೇಸ್ ಮುಗಿಯೋಕೆ ಇನ್ನೇನು ಎರಡು ಲ್ಯಾಪ್ ಅನ್ನುವಾಗ ಅವರನ್ನು ದಾಟಿದರು. ಮೊದಲ ಗೆಲುವು, 42 ಅಂಕ. ಪಿರೋನಿಯ 39 ಹಿಂದೆ ಬಿದ್ದಿದ್ದು ಇಲ್ಲೇ. ಒಂದೇ ಗೆಲುವು ಅಂತ ನಾವು ಹಗುರವಾಗಿ ಮಾತಾಡ್ತೀವಲ್ಲ, ಆ ಗೆಲುವೇ ಅವರನ್ನು ಪಟ್ಟಿಯ ತುದಿಗೆ ತಂದಿದ್ದು.

ಪ್ರಾಸ್ಟ್ ಬಗ್ಗೆ ನನಗೆ ಅಯ್ಯೋ ಅನ್ನಿಸುತ್ತೆ, ಆದರೆ ಪೂರ್ತಿ ಅಲ್ಲ. ಮೊನಾಕೊದಲ್ಲಿ ಮೂರೇ ಲ್ಯಾಪ್ ಬಾಕಿ ಇರುವಾಗ, ಸಣ್ಣಗೆ ಮಳೆ ಹನಿಯುತ್ತಿದ್ದಾಗ, ಮುಂದಿದ್ದವರು ತಾವಾಗೇ ಹೋಗಿ ತಡೆಗೆ ಗುದ್ದಿದರು. ಅಲ್ಲಿಂದ ಮುಂದೆ ನಡೆದಿದ್ದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬಲ್ಲ. ಪಟ್ರೇಸೆ ಮುಂದೆ ಬಂದರು, ಹೇರ್‌ಪಿನ್ ಹತ್ತಿರ ತಿರುಗಿ ಎಂಜಿನ್ ಬಂದ್. ಪಿರೋನಿ ಮುಂದೆ ಬಂದರು, ಕೊನೇ ಲ್ಯಾಪ್‌ನಲ್ಲಿ ಸುರಂಗದೊಳಗೆ ಕಾರು ನಿಂತಿತು. ಡಿ ಸೆಜಾರಿಸ್ ಕಾರಲ್ಲಿ ಪೆಟ್ರೋಲ್ ಖಾಲಿ. ರೆಕ್ಕೆ ಮುರಿದುಕೊಂಡು ಬರ್ತಿದ್ದ ಡೆರೆಕ್ ಡೇಲಿಯ ಗೇರ್‌ಬಾಕ್ಸ್ ಹಿಡಿದುಕೊಂಡಿತು. ಅಷ್ಟರಲ್ಲಿ ಇಳಿಜಾರಿನಲ್ಲಿ ಉರುಳಿ ಎಂಜಿನ್ ಮತ್ತೆ ಹತ್ತಿಸಿಕೊಂಡಿದ್ದ ಪಟ್ರೇಸೆ ಬಂದು ಗೆರೆ ದಾಟಿದರು. ಗೆದ್ದಿದ್ದು ತಾವೇ ಅಂತ ಅವರಿಗೇ ಗೊತ್ತಿರಲಿಲ್ಲ! ಪೌಲ್ ರಿಕಾರ್‌ನಲ್ಲಂತೂ ಪ್ರಾಸ್ಟ್‌ಗೆ ದಾರಿ ಬಿಡಬೇಕು ಅಂತ ರೆನೊ ಹೇಳಿದ್ದರೂ ಆರ್ನು ಕೇಳದೆ ತಾವೇ ಗೆದ್ದರು.

ಕೊನೆಯ ರೇಸ್ ಲಾಸ್ ವೇಗಸ್‌ನಲ್ಲಿ, ಸೀಸರ್ಸ್ ಪ್ಯಾಲೇಸ್ ಹೋಟೆಲ್‌ನ ಕಾರ್ ಪಾರ್ಕಿಂಗ್ ಜಾಗದಲ್ಲಿ. ವಾಟ್ಸನ್ ಗೆಲ್ಲಲೇಬೇಕು, ರೋಸ್‌ಬರ್ಗ್ ಒಂದಂಕವನ್ನೂ ಪಡೀಬಾರದು, ಆಗ ಮಾತ್ರ ವಾಟ್ಸನ್ ಚಾಂಪಿಯನ್. ವಾಟ್ಸನ್ ಎರಡನೇಯವರಾದರು, ಗೆದ್ದಿದ್ದು ಅಲ್ಬೊರೆಟೊ. ರೋಸ್‌ಬರ್ಗ್ ಎಲ್ಲೂ ದುಡುಕದೆ ಐದನೇ ಸ್ಥಾನಕ್ಕೆ ಬಂದು ಎರಡು ಅಂಕ ಜೇಬಿಗಿಳಿಸಿದರು.

ಅಂದಹಾಗೆ ಒಂದೇ ರೇಸ್ ಗೆದ್ದು ಚಾಂಪಿಯನ್ ಆದವರು ಇನ್ನೊಬ್ಬರಿದ್ದಾರೆ, 1958ರ ಮೈಕ್ ಹಾಥಾರ್ನ್. ಆ ವರ್ಷ ಸ್ಟರ್ಲಿಂಗ್ ಮಾಸ್ ನಾಲ್ಕು ಗೆದ್ದಿದ್ದರು, ಸೋತಿದ್ದು ಒಂದೇ ಅಂಕದಲ್ಲಿ. ಅದಕ್ಕಿಂತ ಹೆಚ್ಚಿಂದು ಅಂದರೆ, ಪೋರ್ಚುಗಲ್‌ನಲ್ಲಿ ಹಾಥಾರ್ನ್ ಅವರನ್ನು ಅನರ್ಹ ಮಾಡೋಕೆ ಹೊರಟಿದ್ದಾಗ ಅವರ ಪರವಾಗಿ ಹೋಗಿ ಸಾಕ್ಷಿ ಹೇಳಿ ಆ ಅಂಕಗಳನ್ನು ಉಳಿಸಿಕೊಟ್ಟಿದ್ದು ಇದೇ ಮಾಸ್. ಅದೃಷ್ಟದ ಪ್ರಶ್ನೆ ಕೇಳೋದಾದರೆ ನಾನು ಆ ವರ್ಷದ ಬಗ್ಗೆ ಕೇಳ್ತೀನಿ.