ಮದುವೆ ಆಲ್ಬಮ್ಮಿಗೆ ಬಣ್ಣ

ಪ್ರಶ್ನೆ: ಫೋಟೊದ ಮೇಲೆ ಬಣ್ಣ ಬಳಿದರೆ ಅದು ಚಿತ್ರಕಲೆಯೇ? ಮಗಳು ನಮ್ಮ ಮದುವೆಯ ಆಲ್ಬಮ್ಮಿಗೇ ಕೈ ಹಾಕಿದ್ದಾಳೆ!
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಆಲ್ಬಮ್ಮನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅವಳಿಗೆ ಪ್ರತಿ ತೆಗೆಸಿ ಕೊಡಿ. ಚಿತ್ರಕಲೆಯೇ, ಸಂಶಯ ಬೇಡ. 1932ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಜರ್ಮನ್ ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್ ದೊಡ್ಡ ಕ್ಯಾನ್ವಾಸಿನ ಕೆಲಸ ಮುಗಿಸಿದ ಮೇಲೆ, ಬಣ್ಣ ಎಳೆಯುವ ಉದ್ದನೆಯ ಪಟ್ಟಿಗೆ ಅಂಟಿ ಉಳಿದ ಹಸಿ ಎಣ್ಣೆಬಣ್ಣಕ್ಕೆ ತಮ್ಮ ಮನೆಯ, ಪ್ರವಾಸದ ಪುಟ್ಟ ಫೋಟೊಗಳನ್ನು ಒತ್ತಿ ಎಳೆಯುತ್ತಿದ್ದರು. ಹೆಚ್ಚಿನವು 10 × 15 ಸೆಂ.ಮೀ., ನಮ್ಮ ಸ್ಟುಡಿಯೊಗಳು ತೊಳೆದು ಕೊಡುತ್ತಿದ್ದ ಅಳತೆಯವೇ. ಬಣ್ಣ ಎಲ್ಲಿ ಕೂರುತ್ತದೆ ಎಂಬುದು ಅರ್ಧ ಅದೃಷ್ಟ. ಹಿಡಿಸದವನ್ನು ಮುಲಾಜಿಲ್ಲದೆ ಎಸೆದರು. ನನಗಂತೂ ಅವರ ಭಾರೀ ಕ್ಯಾನ್ವಾಸುಗಳಿಗಿಂತ ಇವೇ ಇಷ್ಟ.

ಅಂದ ಹಾಗೆ, ಮಗಳು ಬಣ್ಣ ಬಳಿದದ್ದು ಯಾರ ಮುಖಕ್ಕೆ? ಬರೆಯಲೇ ಇಲ್ಲವಲ್ಲ!