ಸಾಲ್ಟ್ ಲೇಕ್ ಸಿಟಿಯ ವಂಶಾವಳಿ ಲೈಬ್ರರಿಯಲ್ಲಿ ಉಡುಪಿ ಮನೆತನದ ಮೂಲ ಹುಡುಕಬಹುದಾ?

ಮಗಳನ್ನು ನೋಡಲು ಅಮೆರಿಕಕ್ಕೆ ಹೋಗುವಾಗ ಫ್ಯಾಮಿಲಿಸರ್ಚ್ ಲೈಬ್ರರಿಗೂ ಹೋಗಬೇಕಾ, ನಮ್ಮದು ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆ ಎಂದು ಕೇಳಿದ್ದೀರಿ. ಖಂಡಿತ ಹೋಗಿ, ಪ್ರವೇಶ ಉಚಿತ. ಆದರೆ ಮೊದಲು ಊರಿನ ಕೆಲಸ ಮುಗಿಸಿ.

ಹಿರಿಯರ ಹತ್ತಿರ ಕೂತು ಅಜ್ಜಿ, ಅಜ್ಜಿಯ ತಾಯಿ, ಅವರ ಅಣ್ಣತಮ್ಮಂದಿರು ಹೀಗೆ ಬರೆದುಕೊಳ್ಳಿ. ಆಸ್ತಿ ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಇಳಿದಿರುವಾಗ, ತಂದೆಯ ಹೆಸರು ಹಿಡಿದು ಹೊರಟರೆ ಎರಡನೇ ತಲೆಮಾರಿನಲ್ಲೇ ದಾರಿ ತಪ್ಪುತ್ತದೆ. ಬರಿ (ತಾಯಿಯ ಕಡೆಯ ಗೋತ್ರದಂಥ ಬಳಿ) ಯಾವುದು, ಕವರು (ಒಬ್ಬ ತಾಯಿಯಿಂದ ಬಂದ ಕವಲು) ಯಾವುದು, ತರವಾಡು ಮನೆ (ಕುಟುಂಬದ ಮೂಲ ಮನೆ) ಯಾವ ಗ್ರಾಮದ್ದು ಎಂದೂ ಕೇಳಿ. ಮನೆಯಲ್ಲಿ ಹಳೆಯ ಪಾಲುಪಟ್ಟಿ ಇದ್ದರೆ ಅದೇ ದೊಡ್ಡ ನಿಧಿ. ಯಾರ ಮಕ್ಕಳು ಯಾವ ಕವರಿನವರು ಎಂಬುದು ಅದರಲ್ಲೇ ಸಿಗಬಹುದು. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲಿನ ಪಾಲುಪಟ್ಟಿಗಳನ್ನು ಮುಖ್ಯವಾಗಿ ನೋಡಿ. ಮೂಲಗೇಣಿ (ಶಾಶ್ವತ ಗೇಣಿ) ಚೀಟಿಗಳನ್ನೂ ಬಿಡಬೇಡಿ. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಲೈಬ್ರರಿಯ ಕ್ಯಾಟಲಾಗನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ನೋಡಬಹುದು. ಉಡುಪಿ ಎಂದಷ್ಟೇ ಹುಡುಕಬೇಡಿ, ಆ ಜಿಲ್ಲೆ ಆಗಿದ್ದೇ 1997ರಲ್ಲಿ. ಮದ್ರಾಸ್, ಸೌತ್ ಕೆನರಾ ಎಂದೂ ಹಾಕಿ ನೋಡಿ, 1956ರವರೆಗೆ ನಾವು ಆ ಕಡೆಯವರೇ ಅಲ್ವಾ. ಕೆಲವು ದಾಖಲೆಗಳ ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ, ಲೈಬ್ರರಿಯ ಕಂಪ್ಯೂಟರಿನಲ್ಲೇ ನೋಡಬೇಕು. ಅಂಥವನ್ನು ಗುರುತು ಹಾಕಿಕೊಂಡು ಹೋಗಿ.

ನಿಮ್ಮ ಕುಟುಂಬದಲ್ಲಿ ಯಾರಾದರೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಸೇರಿದ್ದರೆ ಮಂಗಳೂರಿನ ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹವನ್ನು ಮೊದಲು ವಿಚಾರಿಸಿ.