ಹಂದಿಗಳು ಚೇತರಿಸಿಕೊಂಡ ಮೇಲೂ ಕ್ವಾರಂಟೈನ್ ಯಾಕೆ ತೆಗೆಯುವುದಿಲ್ಲ?

ಹಂದಿ ಗುಣವಾಗುವುದು ಬೇರೆ, ಹಿಂಡು ಸೋಂಕುಮುಕ್ತವಾಗುವುದು ಬೇರೆ. ಔಜೆಸ್ಕಿ ಕಾಯಿಲೆಯನ್ನೇ ನೋಡಿ. ಅದನ್ನು ತರುವುದು ಹರ್ಪಿಸ್ ಜಾತಿಯ ವೈರಸ್. ಚೇತರಿಸಿಕೊಂಡ ಹಂದಿಯ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ಮರಿ ಹಾಕುವಾಗಲೋ ಸಾಗಾಟದ ಒತ್ತಡದಲ್ಲೋ ಮತ್ತೆ ಹೊರಬರಬಹುದು. ಚೆನ್ನಾಗಿ ಮೇವು ತಿನ್ನುತ್ತಿರುವ ತಾಯಿ ಹಂದಿಯೇ ಪಕ್ಕದವಕ್ಕೆ ಸೋಂಕು ಹಂಚುತ್ತಿರಬಹುದು! ಹಾಗಾಗಿ ದಿನ ಎಣಿಸಿದರೆ ಸಾಲದು, ರಕ್ತಪರೀಕ್ಷೆ ಬೇಕೇ ಬೇಕು. ಸೋಂಕಿತ ಹಂದಿಗಳನ್ನು ತೆಗೆದು, ಸ್ವಲ್ಪ ಕಾಲ ಬಿಟ್ಟು ಉಳಿದವನ್ನು ಮತ್ತೆ ಪರೀಕ್ಷಿಸಬೇಕು.

ಲಸಿಕೆ ಹಾಕಿದರೂ ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಬರುತ್ತದೆ. ಹಾಗಾದರೆ ಲಸಿಕೆ ಹಾಕಿದ ಹಿಂಡಿನ ರಕ್ತಪರೀಕ್ಷೆಯಲ್ಲಿ ಗೊಂದಲವಾಗುವುದಿಲ್ಲವೇ? ಅದಕ್ಕೆ ಸೊಗಸಾದ ಪರಿಹಾರವಿದೆ. ಲಸಿಕೆಯ ವೈರಸ್‌ನಿಂದ ಜಿಇ ಎಂಬ ಪ್ರೋಟೀನನ್ನು ತೆಗೆದಿರುತ್ತಾರೆ. ರಕ್ತದಲ್ಲಿ ಜಿಇ ವಿರುದ್ಧದ ಪ್ರತಿಕಾಯ ಸಿಕ್ಕರೆ ಅದು ಲಸಿಕೆಯದಲ್ಲ, ನಿಜವಾದ ಸೋಂಕಿನದು. ಅಮೆರಿಕ 1989ರಲ್ಲಿ ಶುರುಮಾಡಿದ ನಿರ್ಮೂಲನಾ ಕಾರ್ಯಕ್ರಮಕ್ಕೆ ಇಂಥ ಲಸಿಕೆಗಳು ಬಹಳ ನೆರವಾದವು. 2004ರ ಹೊತ್ತಿಗೆ ಅಲ್ಲಿನ ವಾಣಿಜ್ಯ ಹಿಂಡುಗಳು ಮುಕ್ತವಾದವು.

ಆಫ್ರಿಕನ್ ಹಂದಿ ಜ್ವರದಲ್ಲಿ ಸಾಮಾನ್ಯವಾಗಿ ಇಡೀ ಹಿಂಡನ್ನೇ ಕೊಲ್ಲುತ್ತಾರೆ. ಆಮೇಲಿನ ಪ್ರಶ್ನೆ ಕೊಟ್ಟಿಗೆಯದು. ಮೇವಿನ ತೊಟ್ಟಿಯ ಅಡಿ, ನೆಲದ ಬಿರುಕಿನಲ್ಲಿ ಒಣಗಿದ ಸಗಣಿ ಉಳಿದಿದ್ದರೆ ಎಷ್ಟೇ ಒಳ್ಳೆಯ ಸೋಂಕುನಾಶಕವೂ ಒಳಗಿಳಿಯುವುದಿಲ್ಲ. ಮೊದಲು ಕೆರೆದು, ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಸಿಂಪಡಿಸಬೇಕು. ಅವಸರಪಟ್ಟವರು ಎಡವುವುದು ಹೆಚ್ಚಾಗಿ ಇಲ್ಲೇ. ನಂತರ ಕೊಟ್ಟಿಗೆಯನ್ನು ಖಾಲಿ ಬಿಟ್ಟು, ಮೊದಲು ಕೆಲವೇ ಕಾವಲು ಹಂದಿಗಳನ್ನು ಬಿಟ್ಟು ನೋಡುತ್ತಾರೆ. ಅವಕ್ಕೆ ಸೋಂಕು ತಗಲದಿದ್ದರೆ ಮಾತ್ರ ಪೂರ್ತಿ ಹಿಂಡು.

ಕ್ವಾರಂಟೈನ್ ಅವಧಿ ಎಷ್ಟೆಂಬುದು ಕಾಯಿಲೆ ಮತ್ತು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ಅದನ್ನು ತೆಗೆದ ಲಿಖಿತ ಆದೇಶ ಕೈಗೆ ಬರುವವರೆಗೆ ದಯವಿಟ್ಟು ಒಂದು ಮರಿಯನ್ನೂ ಒಳಗೆ ತರಬೇಡಿ, ಹೊರಗೆ ಮಾರಬೇಡಿ.